ಕಥೆ ಹೇಳುವ ತೊಟ್ಟಿಲು



ಕಲಘಟಗಿಯ ತೊಟ್ಟಿಲನ್ನು ನಿಮ್ಮಲ್ಲಿ ಹಲವರು ಕಂಡಿರುತ್ತೀರಿ. ಕಾಣದವರು ಅದರ ಹೆಸರನ್ನಾದರೂ ಕೇಳಿರುತ್ತೀರಿ. ಸಾಗವಾನಿ ಕಟ್ಟಿಗೆಯ ತೊಟ್ಟಿಲು. ಅದರ ಮೈತುಂಬ ಅರಗಿನ ಬಣ್ಣ, ಬಣ್ಣದ ಮೇಲೆ ಸಾಲುಸಾಲಾಗಿ ಚಿತ್ರಗಳು. ರಾಮಾಯಣ, ಮಹಾಭಾರತ, ಬಾಲಕೃಷ್ಣನ ಲೀಲೆ, ಹೀಗೆ ಒಂದು ಪಟ್ಟಿಗೆ ಒಂದು ಕಥೆ. ತಲೆಮಾರುಗಳಿಂದ ಈ ಕಸುಬು ನಡೆಸಿಕೊಂಡು ಬಂದ ಚಿತ್ರಗಾರ ಮನೆತನದವರು ಬೇರೆ ಧರ್ಮದವರು ಬಂದು ಕೇಳಿದರೆ ಅವರವರ ನಂಬಿಕೆಗೆ ಹೊಂದುವ ಚಿತ್ರಗಳನ್ನೇ ಬರೆದುಕೊಡುತ್ತಾರೆ. ಕ್ರೈಸ್ತರ ಮನೆಗೆ ಹೋಗುವ ತೊಟ್ಟಿಲಿನ ಮೇಲೆ ಯೇಸುಸ್ವಾಮಿಯ ಜೀವನದ ಚಿತ್ರಗಳು ಮೂಡಿದ್ದುಂಟು.

ಒಂದು ಕ್ಷಣ ಯೋಚಿಸಿರಿ. ಇಷ್ಟೊಂದು ಚಿತ್ರಗಳನ್ನು ಯಾರು ನೋಡಲೆಂದು ಬರೆದರು? ಓದಲು ಬಾರದ, ಮಾತು ಬಾರದ, ಇನ್ನೂ ಕುತ್ತಿಗೆಯೇ ನಿಲ್ಲದ ಕೂಸಿಗಾಗಿ! ಕೂಸಿಗೆ ಏನು ತಿಳಿಯುತ್ತದೆ ಎಂದು ನಮ್ಮ ಹಿರಿಯರು ಕೇಳಲಿಲ್ಲ. ಕಣ್ಣು ತೆರೆದ ಕೂಸಿಗೆ ಮೊದಲು ಕಥೆ ಕಾಣಲಿ, ಜೋಗುಳದ ಜೊತೆಗೆ ಅದು ಕಿವಿಗೆ ಬೀಳಲಿ, ತಿಳಿವಳಿಕೆ ಆಮೇಲೆ ತಾನಾಗಿ ಬರುತ್ತದೆ ಎಂಬ ಭರವಸೆ ಅವರಿಗಿತ್ತು.

ವಿಶ್ವಾಸವನ್ನು ಮಕ್ಕಳಿಗೆ ದಾಟಿಸುವ ಬಗೆಯೂ ಇದೇ ಎಂಬುದನ್ನು ಈ ವಾರ ನಿಮ್ಮ ಜೊತೆ ಚಿಂತಿಸಬೇಕೆಂದಿದ್ದೇನೆ. ಚಿಕ್ಕ ಮಗುವಿಗೆ ವಿಶ್ವಾಸವು ಮೊದಲು ಪ್ರಶ್ನೋತ್ತರವಾಗಿ ಬರುವುದಿಲ್ಲ. ಅದು ಕಥೆಯಾಗಿ ಕಿವಿಗೆ ಬರುತ್ತದೆ, ಕೆಲಸವಾಗಿ ಕೈಗೆ ಬರುತ್ತದೆ. ಅದೂ ತನ್ನನ್ನು ಎತ್ತಿ ಆಡಿಸುವ ಜನರ ಬಾಯಿಂದ, ಅವರ ಕೈಯಿಂದ ಬರುತ್ತದೆ.

ನಮ್ಮ ಊರುಗಳ ಪರಿಸ್ಥಿತಿ

ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಕಡೆಯ ಹಳ್ಳಿಗಳಲ್ಲಿ ನಮ್ಮ ಜನ ಗುಂಪಾಗಿ ಇಲ್ಲ. ಒಂದು ಊರಲ್ಲಿ ಎರಡು ಮನೆ, ಇನ್ನೊಂದರಲ್ಲಿ ನಾಲ್ಕು ಮನೆ, ಮತ್ತೊಂದರಲ್ಲಿ ಒಂದೇ ಮನೆ ಎಂಬಂತೆ ಚದುರಿಕೊಂಡಿದ್ದೇವೆ. ಹಲವು ಊರುಗಳಲ್ಲಿ ದೇವಾಲಯವಿಲ್ಲ. ಗುರುಗಳು ಬಂದಾಗ ಪೂಜೆ, ಉಪದೇಶಿ ಬಂದಾಗ ಪಾಠ. ಭಾನುವಾರ ಬಸ್ ಹಿಡಿದು ದೇವಾಲಯಕ್ಕೆ ಬರುವವರಿಗೂ ಧರ್ಮೋಪದೇಶ ಸಿಗುವುದು ಹೆಚ್ಚೆಂದರೆ ಒಂದು ಗಂಟೆ. ವಾರದಲ್ಲಿ ಇರುವುದು 168 ಗಂಟೆ. ಆ ಒಂದು ಗಂಟೆ ಕಳೆದರೆ ಉಳಿದ 167 ಗಂಟೆ ಮಗು ಇರುವುದು ನಿಮ್ಮ ಹತ್ತಿರ, ನೆರೆಹೊರೆಯವರ ಹತ್ತಿರ, ಶಾಲೆಯಲ್ಲಿ, ಮತ್ತು ಈಗೀಗ ಮೊಬೈಲಿನ ಮುಂದೆ.

ಶಾಲೆಯಲ್ಲಿ ಪಕ್ಕದ ಹುಡುಗ ಸಹಜವಾಗಿಯೇ ಕೇಳುತ್ತಾನೆ: "ನಿಮ್ಮ ದೇವರು ಯಾರಲೇ? ಏನ್ ಮಾಡ್ಯಾನ ಅಂವ?" ಆ ಹುಡುಗನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ. ಅವನಿಗೆ ಅವನ ಅಜ್ಜಿ ಹೇಳಿದ ಹತ್ತು ಕಥೆಗಳು ಗೊತ್ತು. ನಮ್ಮ ಮಗುವಿಗೆ? ಪರಲೋಕ ಪ್ರಾರ್ಥನೆ ಬಾಯಿಪಾಠ ಬರುತ್ತದೆ, ಶಿಲುಬೆ ಗುರುತು ಹಾಕಲು ಬರುತ್ತದೆ. ಆದರೆ ಹೇಳಲು ಒಂದೇ ಒಂದು ಕಥೆ ಇರದಿದ್ದರೆ ಅದು ತಲೆ ತಗ್ಗಿಸುತ್ತದೆ. ಹೀಗೆ ತಲೆ ತಗ್ಗಿಸಿದ ಮಗು ದೊಡ್ಡದಾಗಿ ಹುಬ್ಬಳ್ಳಿಗೋ ಗೋವಾಕ್ಕೋ ಬೆಂಗಳೂರಿಗೋ ದುಡಿಯಲು ಹೋದಾಗ ತನ್ನೊಂದಿಗೆ ಏನನ್ನು ಕೊಂಡೊಯ್ಯುತ್ತದೆ? ದಾಖಲೆ ಪುಸ್ತಕದಲ್ಲಿ ಅದರ ದೀಕ್ಷಾಸ್ನಾನದ ದಿನಾಂಕ ಇರುತ್ತದೆ, ಮನಸ್ಸಿನಲ್ಲಿ ಏನೂ ಇರುವುದಿಲ್ಲ. ಇದು ನಾವು ಹಗುರವಾಗಿ ತೆಗೆದುಕೊಳ್ಳುವ ಮಾತಲ್ಲ.

ಎರಡನೆಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಹೊರಡಿಸಿದ ಧರ್ಮಸಭೆಯ ಕುರಿತಾದ ಮಹಾಪತ್ರದಲ್ಲಿ ಕುಟುಂಬವನ್ನು ಮನೆಯೊಳಗಿನ ಧರ್ಮಸಭೆ ಎಂಬ ಅರ್ಥದಲ್ಲಿ ಕರೆದು, ಮಕ್ಕಳಿಗೆ ವಿಶ್ವಾಸದ ಮೊದಲ ಬೋಧಕರು ತಂದೆತಾಯಿಗಳೇ ಎಂದು ಸ್ಪಷ್ಟಪಡಿಸಿತು. 1992ರಲ್ಲಿ ಪ್ರಕಟವಾದ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಈ ಬೋಧನೆ ಎಳೆಯ ವಯಸ್ಸಿನಿಂದಲೇ ಆರಂಭವಾಗಬೇಕೆಂದು ತಿಳಿಸುತ್ತದೆ. 2025ರ ಏಪ್ರಿಲ್‌ನಲ್ಲಿ ದೈವಾಧೀನರಾದ ಜಗದ್ಗುರು ಫ್ರಾನ್ಸಿಸರು ಕುಟುಂಬದ ಪ್ರೀತಿಯನ್ನು ಕುರಿತು 2016ರಲ್ಲಿ ಬರೆದ ಪತ್ರದಲ್ಲಿ, ಚಿಕ್ಕ ಮಕ್ಕಳಿಗೆ ಬೇಕಾದದ್ದು ಸಂಕೇತ, ಕ್ರಿಯೆ ಮತ್ತು ಕಥೆ ಎಂದು ನೆನಪಿಸಿದ್ದಾರೆ. ಹಾಗಾದರೆ ಪಾದರ್, ಸಿಸ್ಟರ್, ಉಪದೇಶಿ ಇವರ ಕೆಲಸವೇನು? ನೀವು ಹಚ್ಚಿದ ದೀಪಕ್ಕೆ ಎಣ್ಣೆ ಹಾಕುವುದು. ಹಚ್ಚದ ದೀಪಕ್ಕೆ ಎಷ್ಟು ಎಣ್ಣೆ ಸುರಿದರೇನು?

ದೇವರೇ ಹಾಕಿಕೊಟ್ಟ ಹಾದಿ

ಇದೇನು ಹೊಸ ಪದ್ಧತಿ ಎಂದು ತಿಳಿಯಬೇಡಿರಿ. ದೇವರು ಇಸ್ರಯೇಲರನ್ನು ಈಜಿಪ್ಟಿನ ದಾಸ್ಯದಿಂದ ಬಿಡಿಸಿದ ರಾತ್ರಿಯನ್ನು ನೆನೆಯಿರಿ. ಆ ಬಿಡುಗಡೆಯ ನೆನಪು ಉಳಿಯಬೇಕೆಂದು ದೇವರು ಅವರಿಗೆ ಕೊಟ್ಟದ್ದು ಒಂದು ಊಟ. ಹುಳಿಯಿಲ್ಲದ ರೊಟ್ಟಿ, ಕಹಿ ಸೊಪ್ಪು, ಕುರಿಮರಿಯ ಮಾಂಸ. ಮುಂದೆ ನಿಮ್ಮ ಮಕ್ಕಳು ಇದೆಲ್ಲ ಏನೆಂದು ಕೇಳಿದಾಗ ನಡೆದದ್ದನ್ನು ಹೇಳಿರಿ ಎಂದು ವಿಮೋಚನಾಕಾಂಡದಲ್ಲಿ ಆಜ್ಞೆಯಾಗಿದೆ. ಇಂದಿಗೂ ಯೆಹೂದ್ಯರ ಮನೆಗಳಲ್ಲಿ ಪಾಸ್ಖದ ರಾತ್ರಿ ಪ್ರಶ್ನೆ ಕೇಳುವ ಹಕ್ಕು ಮನೆಯ ಅತಿ ಕಿರಿಯ ಮಗುವಿನದು. ಗಮನಿಸಿದಿರಾ? ಮೊದಲು ಬಾಯಿಗೆ ರುಚಿ, ಆಮೇಲೆ ಮಗುವಿನ ಪ್ರಶ್ನೆ, ಕೊನೆಗೆ ಹಿರಿಯರ ಕಥೆ. ನಾವೋ ಪ್ರಶ್ನೆಯನ್ನೂ ನಾವೇ ಬರೆದು ಉತ್ತರವನ್ನೂ ನಾವೇ ಬರೆದು ಮಗುವಿನ ಕೈಗೆ ಪುಸ್ತಕ ಕೊಡುತ್ತೇವೆ!

ಸಂತ ಪೌಲರು ತಿಮೊಥೇಯನಿಗೆ ಬರೆದ ಎರಡನೆಯ ಪತ್ರದಲ್ಲಿ ಅವನ ವಿಶ್ವಾಸ ಎಲ್ಲಿಂದ ಬಂದಿತೆಂದು ಹೇಳುವಾಗ ಯಾವ ದೊಡ್ಡ ಪಂಡಿತರ ಹೆಸರನ್ನೂ ತೆಗೆಯುವುದಿಲ್ಲ. ಅವನ ಅಜ್ಜಿ ಲೋವಿ, ಅವನ ತಾಯಿ ಯೂನಿಕೆ, ಇವರಿಬ್ಬರ ಹೆಸರನ್ನು ಹೇಳುತ್ತಾರೆ. ಬೈಬಲಿನಲ್ಲಿ ಅಜ್ಜಿಯೊಬ್ಬಳಿಗೆ ಸಿಕ್ಕ ಈ ಗೌರವ ನಮ್ಮ ಹಳ್ಳಿಯ ಅಜ್ಜಿಯರಿಗೂ ಸಲ್ಲುತ್ತದೆ.

"ನಮಗ ಓದಾಕ ಬರೂದಿಲ್ರಿ ಪಾದರ್, ನಾವೇನ್ ಕಲಸೂನು?" ಎಂದು ಹಲವು ತಾಯಂದಿರು ಕೇಳುತ್ತಾರೆ. ತಾಯೇ, ಲೋವಿಗೆ ಓದು ಬರುತ್ತಿತ್ತೋ ಇಲ್ಲವೋ ಎಂದು ಪೌಲರು ಬರೆಯಲಿಲ್ಲ. ನಿನಗೆ ಮಾತು ಬರುತ್ತದೆ, ಪ್ರೀತಿ ಬರುತ್ತದೆ, ಅಷ್ಟು ಸಾಕು. 17ನೆಯ ಶತಮಾನದಲ್ಲಿ ಮೈಸೂರು ಸೀಮೆಗೆ ಬಂದ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಮಿಯವರು ಕಷ್ಟಪಟ್ಟು ಕನ್ನಡ ಕಲಿತು, ಕನ್ನಡದಲ್ಲೇ ಧರ್ಮೋಪದೇಶವನ್ನೂ ಸಂತರ ಚರಿತ್ರೆಗಳನ್ನೂ ಬರೆದರು. ದೂರದೇಶದಿಂದ ಬಂದ ಒಬ್ಬ ಗುರು ನಮ್ಮ ಮಾತಿನಲ್ಲಿ ಕಥೆ ಹೇಳಲು ಇಷ್ಟು ಶ್ರಮಪಟ್ಟಿರುವಾಗ, ಹುಟ್ಟಿದಂದಿನಿಂದ ಆ ಮಾತನ್ನೇ ಆಡುವ ನಮಗೆ ಸಂಕೋಚವೇಕೆ? ನಿಮ್ಮ ಮನೆಯ ಮಾತು ಕನ್ನಡವಿರಲಿ, ಕೊಂಕಣಿಯಿರಲಿ, ತೆಲುಗಿರಲಿ, ಮಗುವಿಗೆ ಯಾವ ಮಾತಿನಲ್ಲಿ ಉಣಿಸುತ್ತೀರೋ ಆ ಮಾತಿನಲ್ಲೇ ಕಥೆ ಹೇಳಿರಿ.

ನಮ್ಮ ಹೊಲದಲ್ಲೇ ಇರುವ ಸಾಮತಿಗಳು

ಪ್ರಭು ಯೇಸು ಹೇಳಿದ ಸಾಮತಿಗಳು ಎಲ್ಲಿಂದ ಬಂದವು? ನಜರೇತಿನ ಹೊಲಗಳಿಂದ, ಮಾತೆ ಮರಿಯಮ್ಮನವರ ಅಡುಗೆಮನೆಯಿಂದ ಬಂದವು. ಹಿಟ್ಟು, ಹುಳಿ, ದೀಪ, ಉಪ್ಪು, ಬೀಜ, ಕುರಿ, ಕಳೆ. ಇವುಗಳಲ್ಲಿ ಯಾವುದು ನಮ್ಮ ಮಗುವಿಗೆ ಗೊತ್ತಿಲ್ಲ? ಪಟ್ಟಣದ ಮಗುವಿಗೆ ಚಿತ್ರ ತೋರಿಸಿ ವಿವರಿಸಬೇಕಾದದ್ದನ್ನು ನಮ್ಮ ಮಗು ಬೆಳಿಗ್ಗೆ ಎದ್ದು ಕಣ್ಣಾರೆ ಕಾಣುತ್ತದೆ. ಆ ಭಾಗ್ಯವನ್ನು ಬಳಸಿಕೊಳ್ಳೋಣ.

ಬಿತ್ತುವವನ ಸಾಮತಿಯನ್ನೇ ತೆಗೆದುಕೊಳ್ಳಿರಿ. ನಮ್ಮಲ್ಲಿ ಕೂರಿಗೆ ಹೂಡಿ, ಸಾಲು ಹಿಡಿದು, ಒಂದು ಕಾಳೂ ದಂಡವಾಗದಂತೆ ಬಿತ್ತುತ್ತಾರೆ. ಆದ್ದರಿಂದ ಜಾಣ ಹುಡುಗನೊಬ್ಬ ಕೇಳಿಯೇ ಕೇಳುತ್ತಾನೆ: "ಅಪ್ಪಾ, ಅಂವ ಯಾಕ ದಾರಿ ಮ್ಯಾಗ ಬೀಜ ಒಗದ? ಅಂವಗ ಬಿತ್ತಾಕ ಬರತಿರಲಿಲ್ಲೇನು?" ಒಳ್ಳೆಯ ಪ್ರಶ್ನೆ! ಆ ಸೀಮೆಯಲ್ಲಿ ಬೀಜವನ್ನು ಉಡಿಯಲ್ಲಿ ಹಾಕಿಕೊಂಡು ಕೈಯಿಂದ ಎರಚುತ್ತಾ ನಡೆಯುತ್ತಿದ್ದರು, ಆದ್ದರಿಂದ ಒಂದಷ್ಟು ಕಾಲುದಾರಿಗೆ ಬೀಳುತ್ತಿತ್ತು, ಒಂದಷ್ಟು ಕಲ್ಲುನೆಲಕ್ಕೆ, ಒಂದಷ್ಟು ಮುಳ್ಳಿನೊಳಗೆ ಎಂದು ಅಪ್ಪ ಹೇಳಬೇಕು. ಆಮೇಲೆ ಮಗನನ್ನು ಹೊಲಕ್ಕೆ ಕರೆದೊಯ್ದು ತೋರಿಸಬೇಕು: ಇದು ತುಳಿದು ಗಟ್ಟಿಯಾದ ದಾರಿ, ಇದು ಕಲ್ಲುನೆಲ, ಇದು ಬದುವಿನ ಜಾಲಿಮುಳ್ಳು, ಇದು ನಮ್ಮ ಎರೆಭೂಮಿ. ಒಂದೊಂದು ಕಡೆ ನಾಲ್ಕು ಕಡಲೆಕಾಳು ಹಾಕಿ ಬಂದು, ವಾರದ ಮೇಲೆ ಮತ್ತೆ ಹೋಗಿ ನೋಡಿದರೆ ಸಾಕು. ಆ ಮಗು ಆ ಸಾಮತಿಯನ್ನು ಮರೆಯಲಾರದು. ದೇವರು ಲೆಕ್ಕ ನೋಡದೆ ದಾರಿಗೂ ಕಲ್ಲಿಗೂ ಮುಳ್ಳಿಗೂ ಬೀಜ ಎರಚುವ ಧಾರಾಳಿ ಎಂಬುದು ಮುಂದೊಂದು ದಿನ ಅದಕ್ಕೆ ತಾನಾಗಿ ಹೊಳೆಯುತ್ತದೆ.

ಹುಳಿಹಿಟ್ಟಿನ ಸಾಮತಿ ಜೋಳದ ರೊಟ್ಟಿ ತಿನ್ನುವ ನಮ್ಮ ಮಕ್ಕಳಿಗೆ ಸುಲಭವಾಗಿ ತಿಳಿಯದು. ನಮ್ಮ ರೊಟ್ಟಿಗೆ ಹುಳಿ ಹಾಕುವುದಿಲ್ಲ. ಆದರೆ ರಾತ್ರಿ ಹಾಲಿಗೆ ಹೆಪ್ಪು ಹಾಕುವಾಗ ಮಗುವನ್ನು ಹತ್ತಿರ ಕೂಡಿಸಿಕೊಳ್ಳಿರಿ. ಅದರ ಕೈಯಿಂದಲೇ ಒಂದು ಚಮಚ ಹೆಪ್ಪು ಹಾಕಿಸಿರಿ. ಬೆಳಿಗ್ಗೆ ಗಡಿಗೆಯ ಮುಚ್ಚಳ ತೆಗೆದು ತೋರಿಸಿರಿ. ದೇವರ ರಾಜ್ಯ ಹೀಗೆ ಸದ್ದಿಲ್ಲದೆ ಬರುತ್ತದೆ ಎಂಬ ಒಂದೇ ಮಾತು ಸಾಕು.

ಸುಗ್ಗಿ ಮುಗಿದ ಮೇಲೆ ಕುರುಬರು ಕುರಿಹಿಂಡುಗಳನ್ನು ಹೊಡೆದುಕೊಂಡು ಬರುತ್ತಾರೆ. ಗೊಬ್ಬರಕ್ಕಾಗಿ ರೈತರು ಅವುಗಳನ್ನು ತಮ್ಮ ಹೊಲಗಳಲ್ಲಿ ರಾತ್ರಿ ನಿಲ್ಲಿಸಿಕೊಳ್ಳುತ್ತಾರೆ. ಕುರುಬ ಕಂಬಳಿ ಹೊದ್ದು ಹಿಂಡಿನ ಪಕ್ಕದಲ್ಲೇ ಮಲಗುವುದನ್ನೂ, ಆಗತಾನೆ ಹುಟ್ಟಿದ ಮರಿಯನ್ನು ತೋಳಲ್ಲಿ ಎತ್ತಿಕೊಂಡು ನಡೆಯುವುದನ್ನೂ, ಅವನ ದನಿಗೆ ಮಾತ್ರ ಕುರಿಗಳು ತಿರುಗುವುದನ್ನೂ ನಿಮ್ಮ ಮಗುವಿಗೆ ತೋರಿಸಿರಿ. ಅವನ ಹತ್ತಿರ ಕರೆದೊಯ್ದು, "ಕಾಕಾ, ಒಂದು ಕುರಿ ತಪ್ಪಿಸಿಕೊಂಡರ ಏನ್ ಮಾಡ್ತೀರಿ?" ಎಂದು ಕೇಳಿಸಿರಿ. ಅವನು ಹೇಳುವ ಉತ್ತರವನ್ನು ಕೇಳಿದ ಮಗುವಿಗೆ ಸಂತ ಲೂಕನ 15ನೆಯ ಅಧ್ಯಾಯ ಅರ್ಧ ತಿಳಿದಂತೆಯೇ.

ಇಟಲಿಯ ಬೈಬಲ್ ಪಂಡಿತೆ ಸೋಫಿಯಾ ಕವಲ್ಲೇತ್ತಿ ಎಂಬವರು ತಮ್ಮ ಸಂಗಾತಿ ಜಾನ್ನಾ ಗೊಬ್ಬಿಯವರೊಂದಿಗೆ 1954ರಲ್ಲಿ ರೋಮ್ ನಗರದಲ್ಲಿ ಚಿಕ್ಕ ಮಕ್ಕಳಿಗಾಗಿ ಒಂದು ಧರ್ಮೋಪದೇಶ ಕ್ರಮವನ್ನು ಆರಂಭಿಸಿದರು. ಮರದಲ್ಲಿ ಮಾಡಿದ ಚಿಕ್ಕ ಕುರುಬ, ಚಿಕ್ಕ ಕುರಿಗಳು, ಚಿಕ್ಕ ಕುರಿದೊಡ್ಡಿ. ಕಥೆ ಹೇಳಿ ಅವುಗಳನ್ನು ಮಕ್ಕಳ ಕೈಗೆ ಕೊಟ್ಟುಬಿಡುವುದು. ಮೂರರಿಂದ ಆರು ವರ್ಷದ ಮಕ್ಕಳು ಎಲ್ಲಕ್ಕಿಂತ ಹೆಚ್ಚು ಒಲಿದದ್ದು ಒಳ್ಳೆಯ ಕುರಿಗಾಹಿಯ ಸಾಮತಿಗೆ ಎಂದು ಅವರು ಕಂಡುಕೊಂಡರು. ಆ ಕ್ರಮಕ್ಕೆ ಒಳ್ಳೆಯ ಕುರಿಗಾಹಿಯ ಧರ್ಮೋಪದೇಶ ಎಂಬ ಹೆಸರೇ ನಿಂತು, ಅದು ಅನೇಕ ದೇಶಗಳಿಗೆ ಹರಡಿತು. ತನ್ನ ಹೆಸರು ಹಿಡಿದು ಕರೆಯುವ ಒಬ್ಬನಿದ್ದಾನೆ ಎಂಬ ಸುದ್ದಿಯೇ ಆ ವಯಸ್ಸಿನ ಮಗುವಿಗೆ ಬೇಕಾದ ಶುಭಸಂದೇಶ. ರೋಮ್ ನಗರದ ಮಕ್ಕಳಿಗೆ ಮರದ ಕುರಿ ಮಾಡಿಕೊಡಬೇಕಾಯಿತು. ನಮ್ಮ ಮಕ್ಕಳಿಗೆ ಬಾಗಿಲಲ್ಲೇ ನಿಜವಾದ ಕುರಿಗಳಿವೆ!

ಕೈಗೂ ಕೆಲಸ ಕೊಡಿರಿ

ಮಣ್ಣೆತ್ತಿನ ಅಮಾವಾಸ್ಯೆ ಬಂದಾಗ ನಮ್ಮ ಊರ ಮಕ್ಕಳ ಕೈಗಳನ್ನು ನೋಡಿದ್ದೀರಲ್ಲ. ಎರೆಮಣ್ಣು ತಂದು, ನಾದಿ, ಕೋಡು ಇಣಿ ತಿದ್ದಿ, ಜೋಡೆತ್ತು ಮಾಡುವುದನ್ನು ಅವರಿಗೆ ಯಾರೂ ಕಲಿಸಬೇಕಿಲ್ಲ. ಮಕ್ಕಳ ಬೆರಳಲ್ಲಿರುವ ಈ ಕಲೆಯನ್ನು ಆಗಮನ ಕಾಲದಲ್ಲಿ ನೆನೆಯಿರಿ. ಅಂಗಡಿಯಿಂದ ತಂದ ಪ್ಲಾಸ್ಟಿಕ್ಕಿನ ಗೋದಲಿ ನೋಡಲು ಚೆಂದ, ಆದರೆ ಅದನ್ನು ಮುಟ್ಟಬೇಡ ಎಂದು ಮಗುವಿಗೆ ಗದರುತ್ತೇವೆ. ಮುಟ್ಟಬಾರದ ಯೇಸುವಿನಿಂದ ಮಗುವಿಗೇನು ಲಾಭ? ಎರೆಮಣ್ಣು ತಂದುಕೊಡಿರಿ. ಎತ್ತು, ಕತ್ತೆ, ಕುರುಬ, ಜೋಸೆಫರು, ಮರಿಯಮ್ಮ, ಕೂಸು ಎಲ್ಲವನ್ನೂ ಮಕ್ಕಳೇ ಮಾಡಲಿ. ಮೂಗು ಸೊಟ್ಟಗಾದರೆ ಆಗಲಿ, ಒಂದು ಕೋಡು ಮುರಿದರೆ ಮುರಿಯಲಿ.

ಅಸ್ಸಿಸಿಯ ಸಂತ ಫ್ರಾನ್ಸಿಸರು 1223ರ ಕ್ರಿಸ್ತಜಯಂತಿಯಂದು ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಹುಲ್ಲು ಹಾಸಿ, ನಿಜವಾದ ಎತ್ತು, ಕತ್ತೆಗಳನ್ನು ತಂದು ಕಟ್ಟಿ ಹಬ್ಬ ಮಾಡಿದರು. ಹಳ್ಳಿಯ ಜನ ಕಣ್ಣಿಂದ ಕಾಣಲಿ ಎಂಬುದೇ ಅವರ ಆಸೆ. ಶುಭಸಂದೇಶದಲ್ಲಿ ಗೋದಲಿಯ ಮಾತು ಇದೆ, ಎತ್ತಿನ ಮಾತಿಲ್ಲ. ಆದರೂ ಎತ್ತು ಏಕೆ ಬಂತು? ಎತ್ತಿಗೆ ತನ್ನ ಒಡೆಯನ ಗುರುತಿದೆ, ಕತ್ತೆಗೆ ತನ್ನ ಗೋದಲಿಯ ಗುರುತಿದೆ, ನನ್ನ ಜನರಿಗೆ ಮಾತ್ರ ನನ್ನ ಗುರುತಿಲ್ಲ ಎಂದು ದೇವರು ಪ್ರವಾದಿ ಯೆಶಾಯನ ಬಾಯಿಂದ ಹೇಳಿಸಿದ ದುಃಖದ ಮಾತನ್ನು ಧರ್ಮಸಭೆ ಮರೆಯಲಿಲ್ಲ. ಸಂಜೆ ಹೊಲದಿಂದ ಬಿಟ್ಟ ಎತ್ತು ತಾನಾಗಿ ಮನೆಯ ಹಾದಿ ಹಿಡಿಯುವುದನ್ನು ಕಂಡ ಮಗುವಿಗೆ ಈ ಮಾತು ಹೇಳಿ ನೋಡಿರಿ. ಅಷ್ಟೇಕೆ, ಗೋದಲಿ ಎಂಬ ಪದವೇ ನಮ್ಮ ದನದ ಮನೆಯದು. ನಮ್ಮ ಹಳೆಯ ಮನೆಗಳಲ್ಲಿ ಬಾಗಿಲು ದಾಟಿದೊಡನೆ ದನ ಕಟ್ಟುವ ಜಾಗ, ಅದರಾಚೆ ಕಟ್ಟೆಯ ಮೇಲೆ ಮನೆಮಂದಿಯ ಪಡಸಾಲೆ. "ಯಪ್ಪಾ, ಯೇಸುಸ್ವಾಮಿ ಹುಟ್ಟಿದ್ದು ನಮ್ಮ ಗ್ವಾದಲ್ಯಾಗ!" ಎಂದು ನಿಮ್ಮ ಮಗು ಕೂಗಿದರೆ ಅದನ್ನು ತಿದ್ದಬೇಡಿರಿ. ಅದು ಹೇಳಿದ್ದು ಸರಿಯಾಗಿಯೇ ಇದೆ.

ಹೀಗೆಯೇ ವರ್ಷವಿಡೀ ಕೈಗೆ ಒಂದಲ್ಲ ಒಂದು ಕೆಲಸ ಸಿಗುತ್ತದೆ. ಗರಿಗಳ ಭಾನುವಾರ ಒಂದು ಚಿಕ್ಕ ಡಬ್ಬಿಯಲ್ಲಿ ಮಣ್ಣು ತುಂಬಿ ಮಗುವಿನ ಕೈಯಿಂದ ಗೋಧಿಯನ್ನೋ ಜೋಳವನ್ನೋ ಹೂಳಿಸಿರಿ, ದಿನವೂ ನೀರು ಹಾಕಿಸಿರಿ. ಪಾಸ್ಖ ಹಬ್ಬದ ಬೆಳಿಗ್ಗೆ ಹಸಿರು ಸಸಿ ತಲೆಯೆತ್ತಿರುತ್ತದೆ. ಕಾಳು ಮಣ್ಣಿಗೆ ಬಿದ್ದು ಸಾಯದೆ ಫಲ ಕೊಡದು ಎಂದು ಪ್ರಭು ಹೇಳಿದ್ದನ್ನು ಆಗ ಹೇಳಿರಿ. ನಾಗರಪಂಚಮಿಯ ಮುನ್ನಾದಿನ ನಮ್ಮ ಊರುಗಳಲ್ಲಿ ಮನೆಯಿಂದ ಮನೆಗೆ ರೊಟ್ಟಿ ಹಂಚುವ ವಾಡಿಕೆಯಿದೆ. ನೆರೆಯವರ ರೊಟ್ಟಿ ನಿಮ್ಮ ಮನೆಗೆ ಬಂದ ದಿನ ಐದು ರೊಟ್ಟಿ, ಎರಡು ಮೀನಿನ ಕಥೆ ಹೇಳಿರಿ. ಐದು ಸಾವಿರ ಜನರ ಊಟ ಶುರುವಾದದ್ದು ಒಬ್ಬ ಹುಡುಗನ ಬುತ್ತಿಯಿಂದ. ಅದೂ ಬಡವರು ತಿನ್ನುವ ಜವೆಗೋಧಿಯ ರೊಟ್ಟಿ. ಆಮೇಲೆ ನಿಮ್ಮ ಮಗುವಿನ ಕೈಯಲ್ಲೇ ನಾಲ್ಕು ರೊಟ್ಟಿ ಕೊಟ್ಟು, ದುಡಿಯುವವರಿಲ್ಲದ ಒಂದು ಮನೆಗೆ ಕಳಿಸಿರಿ. ಕಥೆ ಅಲ್ಲಿಗೆ ಪೂರ್ತಿಯಾಗುತ್ತದೆ.

ಹೆದರಿಕೆಯಿಂದ ಕಲಿಸಬೇಡಿರಿ

ಇನ್ನೊಂದು ಮಾತನ್ನು ಕಟ್ಟುನಿಟ್ಟಾಗಿ ಹೇಳಲೇಬೇಕು. "ಸುಮ್ಮನ ಕೂಡ್ರು, ಇಲ್ಲಂದ್ರ ದೇವರು ಕಣ್ಣು ಕಳೀತಾನ", "ಸುಳ್ಳು ಹೇಳಿದಿ ಅಂದ್ರ ಯೇಸುಸ್ವಾಮಿ ನಾಲಿಗಿ ಕಿತ್ತತಾನ". ಈ ಮಾತುಗಳು ನಮ್ಮ ಮನೆಗಳಲ್ಲಿ ಸುಲಭವಾಗಿ ಬಾಯಿಗೆ ಬರುತ್ತವೆ. ಕೂಡಲೇ ಕೆಲಸವಾಗುತ್ತದೆ, ಮಗು ಸುಮ್ಮನಾಗುತ್ತದೆ. ಆದರೆ ಅದರ ಮನಸ್ಸಿನಲ್ಲಿ ದೇವರು ಕೋಲು ಹಿಡಿದ ಪೊಲೀಸನಾಗಿ ನಿಂತುಬಿಡುತ್ತಾನೆ. ಮಕ್ಕಳನ್ನು ದೂರ ತಳ್ಳಿದ ಶಿಷ್ಯರ ಮೇಲೆ ಪ್ರಭು ಕೋಪಗೊಂಡರೆಂದೂ, ಮಕ್ಕಳನ್ನು ಅಪ್ಪಿಕೊಂಡು ಆಶೀರ್ವದಿಸಿದರೆಂದೂ ಸಂತ ಮಾರ್ಕನು ಬರೆಯುತ್ತಾನೆ. ಆ ತೋಳುಗಳನ್ನು ನಾವು ಕೋಲಾಗಿ ಮಾಡಬಾರದು.

ಕಷ್ಟದ ಕಾಲದಲ್ಲಿ ಇದರ ಬೆಲೆ ತಿಳಿಯುತ್ತದೆ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದದ್ದು ನಿಮಗೆ ನೆನಪಿದೆ. ನಮ್ಮ ಜಿಲ್ಲೆಯೂ ಅದರಲ್ಲಿ ಸೇರಿತ್ತು. ಆ ವರ್ಷ ಒಂದು ಮನೆಯಲ್ಲಿ ಜಪಸರ ಮುಗಿದ ಮೇಲೆ ಏಳು ವರ್ಷದ ಹುಡುಗಿ ತನ್ನ ಅಜ್ಜಿಯನ್ನು ಕೇಳಿದಳು: "ಯಮ್ಮಾ, ದಿನಾ ಮಳಿ ಬೇಡ್ಕೊಂಡ್ವಿ. ಯಾಕ ಬರಲಿಲ್ಲ? ದೇವರಿಗೆ ಕೇಳಸಲಿಲ್ಲೇನು?" ಅಪ್ಪ ಮಾತಾಡಲಿಲ್ಲ, ಹೆಸರು ಒಣಗಿ ಹೋಗಿತ್ತು, ಸಾಲ ತಲೆಯ ಮೇಲಿತ್ತು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಬೆಣ್ಣಿಹಳ್ಳ ತುಂಬಿ ಬಂದದ್ದನ್ನು ನೆನಪಿಸಿ, ಶಿಷ್ಯರ ದೋಣಿ ಬಿರುಗಾಳಿಗೆ ಸಿಕ್ಕ ಕಥೆ ಹೇಳಿದಳು. ಅಲೆ ಏಳುತ್ತಿತ್ತು, ದೋಣಿಗೆ ನೀರು ತುಂಬುತ್ತಿತ್ತು, ಯೇಸುಸ್ವಾಮಿ ಹಿಂದೆ ತಲೆದಿಂಬಿನ ಮೇಲೆ ಮಲಗಿದ್ದರು. "ಮಕ್ಕೊಂಡಿದ್ರಾ? ಹಂಗಾರ ಕೇಳಸಿರಲಿಲ್ಲ!" ಎಂದಳು ಹುಡುಗಿ. "ಮಕ್ಕೊಂಡಿದ್ದ ಖರೆ, ಆದ್ರ ಎಲ್ಲಿ ಮಕ್ಕೊಂಡಿದ್ದ? ದಂಡಿ ಮ್ಯಾಗಲ್ಲವ್ವಾ, ಅದ ದೋಣ್ಯಾಗ. ಮುಣಗಿದ್ರ ಅವನೂ ಅವರ ಕೂಡ ಮುಣಗತಿದ್ದ" ಎಂದಳು ಅಜ್ಜಿ.

ಅಪ್ಪನ ಕಣ್ಣಲ್ಲಿ ನೀರು ಬಂತಂತೆ. ಮಳೆ ಆಗಲೂ ಬರಲಿಲ್ಲ. ಆದರೆ ಬರಗಾಲ ದೇವರ ಶಿಕ್ಷೆ ಎಂದಾಗಲಿ, ಪ್ರಾರ್ಥನೆ ಸುಳ್ಳು ಎಂದಾಗಲಿ ಆ ಮನೆಯ ಮಗು ಕಲಿಯಲಿಲ್ಲ. ದೇವರು ನಮ್ಮ ಸಂಗಡ ಇದ್ದಾನೆ ಎಂಬ ಇಮ್ಮಾನುವೇಲನ ಹೆಸರಿನ ಅರ್ಥವನ್ನು ಅಕ್ಷರ ಬಾರದ ಅಜ್ಜಿಯೊಬ್ಬಳು ಹೇಳಿಕೊಟ್ಟಳು. ಗುರುಮಠದಲ್ಲಿ ತತ್ತ್ವಶಾಸ್ತ್ರ, ದೈವಶಾಸ್ತ್ರ ಓದಿದ ನಮ್ಮಂಥವರು ದುಃಖದ ಪ್ರಶ್ನೆಗೆ ದೊಡ್ಡ ದೊಡ್ಡ ವಾದಗಳನ್ನು ಕಲಿತಿರುತ್ತೇವೆ. ಏಳು ವರ್ಷದ ಮಗುವಿಗೆ ಹೇಳಲು ಇದಕ್ಕಿಂತ ಸತ್ಯವಾದ ಮಾತು ಆ ಪುಸ್ತಕಗಳಲ್ಲೂ ಸಿಗದು.

ಅಪ್ಪಂದಿರಿಗೆ ಒಂದು ಮಾತು

ಪ್ರಾರ್ಥನೆ, ಕಥೆ ಇವೆಲ್ಲ ಹೆಂಗಸರ ಕೆಲಸ ಎಂದು ಅಪ್ಪಂದಿರು ಕಟ್ಟೆಗೆ ಎದ್ದು ಹೋಗುವುದನ್ನು ಕಾಣುತ್ತೇವೆ. ಮಗ ನೋಡುತ್ತಿರುತ್ತಾನೆ. ಮೀಸೆ ಬಂದ ಮೇಲೆ ತಾನೂ ಹೀಗೆಯೇ ಎದ್ದು ಹೋಗಬೇಕು ಎಂದು ಆಗಲೇ ಕಲಿತಿರುತ್ತಾನೆ. ಸಂತ ಜೋಸೆಫರು ಆಡಿದ ಒಂದು ಮಾತೂ ಶುಭಸಂದೇಶದಲ್ಲಿ ದಾಖಲಾಗಿಲ್ಲ. ಆದರೆ ಬಾಲಯೇಸು ಬೆಳೆದದ್ದು ಆ ಬಡಗಿಯ ಮನೆಯಲ್ಲಿ. ನಿಮಗೆ ಕಥೆ ಹೇಳಲು ಬಾರದಿದ್ದರೆ ಜೊತೆಗೆ ಕುಳಿತು ಮಣ್ಣು ನಾದಿಕೊಡಿರಿ. ಮಲಗುವ ಮುನ್ನ ಮಗುವಿನ ಹಣೆಯ ಮೇಲೆ ನಿಮ್ಮ ಒರಟು ಬೆರಳಿನಿಂದ ಶಿಲುಬೆ ಗುರುತು ಹಾಕಿರಿ. ದುಡಿಯಲು ಗೋವಾಕ್ಕೆ ಹೋದ ಅಪ್ಪ ರಾತ್ರಿ ಫೋನಿನಲ್ಲಿ "ಉಂಡಿಯೇನು?" ಎಂದು ಕೇಳುವುದರ ಜೊತೆಗೆ ಒಂದು ಚಿಕ್ಕ ಕಥೆ ಹೇಳಬಹುದು. ಮೊಬೈಲಿನಿಂದ ಇಂಥ ಒಂದು ಉಪಕಾರವೂ ಆಗಲಿ!

ಎಷ್ಟು ಕಲಿಸಬೇಕು ಎಂಬ ಚಿಂತೆ ಬೇಡ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಸವಾಯಿ ಗಂಧರ್ವರ ಹತ್ತಿರ ಸಂಗೀತ ಕಲಿತದ್ದು ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. ಗುರುಗಳು ಹೇಳಿಕೊಟ್ಟ ಸ್ವಲ್ಪವನ್ನೇ ಮತ್ತೆ ಮತ್ತೆ ತಿದ್ದಿ, ಅದು ಗಂಟಲಲ್ಲಿ ನೆಲೆನಿಂತ ಮೇಲೆಯೇ ಮುಂದಿನ ಪಾಠ. ಮಕ್ಕಳೂ ಹಾಗೆಯೇ; ಹೇಳಿದ ಕಥೆಯನ್ನೇ ಮತ್ತೆ ಹೇಳು ಎನ್ನುತ್ತಾರೆ. ಬೇಸರಪಡಬೇಡಿರಿ. ವಾರಕ್ಕೆ ಒಂದೇ ಕಥೆ ಇರಲಿ. ಭಾನುವಾರ ಪೂಜೆಯಲ್ಲಿ ಕೇಳಿದ ಶುಭಸಂದೇಶವೇ ಆ ವಾರದ ಕಥೆಯಾಗಲಿ. ಕಥೆ ಮುಗಿದ ಮೇಲೆ "ಇದರ ನೀತಿ ಏನು?" ಎಂದು ಪರೀಕ್ಷೆ ಮಾಡಬೇಡಿರಿ. "ನೀ ಅಲ್ಲಿ ಇದ್ದಿದ್ರ ಏನ್ ಮಾಡ್ತಿದ್ದಿ?" ಎಂದು ಕೇಳಿ ಸುಮ್ಮನಿರಿ. ಮಗು ಹೇಳುವ ಉತ್ತರ ಕೆಲವೊಮ್ಮೆ ನಿಮಗೇ ಪ್ರವಚನವಾಗುತ್ತದೆ.

ನಿಮ್ಮ ಗೋದಲಿ ನೋಡಲು ಓಣಿಯ ಬೇರೆ ಮಕ್ಕಳೂ ಬಂದೇ ಬರುತ್ತಾರೆ. ಪ್ರೀತಿಯಿಂದ ಬರಮಾಡಿಕೊಂಡು ಉಂಡಿ ಕೊಟ್ಟು ಕಳಿಸಿರಿ. ಅವರ ಮನೆಯ ದೇವರನ್ನು ಕುರಿತು ಹಗುರವಾದ ಮಾತು ನಿಮ್ಮ ಮಗುವಿನ ಬಾಯಲ್ಲಿ ಬಾರದಂತೆ ನೋಡಿಕೊಳ್ಳಿರಿ. ತನ್ನ ಮನೆಯ ಕಥೆಯನ್ನು ಪ್ರೀತಿಯಿಂದ ಕೇಳಿ ಬೆಳೆದ ಮಗುವಿಗೆ ಇನ್ನೊಬ್ಬರ ಮನೆಯ ಕಥೆಯನ್ನು ಹೀಯಾಳಿಸುವ ಅಗತ್ಯವೇ ಇರುವುದಿಲ್ಲ. ಶಾಲೆಯಲ್ಲಿ ಪಕ್ಕದ ಹುಡುಗ "ನಿಮ್ಮ ದೇವರು ಏನ್ ಮಾಡ್ಯಾನ?" ಎಂದು ಕೇಳಿದಾಗ ಅದು ತಲೆ ತಗ್ಗಿಸದೆ, ಜಗಳವನ್ನೂ ಆಡದೆ, "ಕೂಡ್ರು, ಹೇಳ್ತೀನಿ. ಒಬ್ಬ ಕುರುಬ ಇದ್ದ, ಅವನ ಹತ್ತರ ನೂರು ಕುರಿ ಇದ್ದು" ಎಂದು ಶುರುಮಾಡಬಲ್ಲುದು.

ಪ್ರಿಯ ತಂದೆ ತಾಯಂದಿರೇ, ಕಲಘಟಗಿಯ ಚಿತ್ರದ ತೊಟ್ಟಿಲು ಕೊಳ್ಳಲು ಎಲ್ಲರಿಗೂ ಆಗದು. ಹಳೆಯ ಸೀರೆಯ ಜೋಳಿಗೆಯೇ ನಮ್ಮ ಹೆಚ್ಚಿನ ಮಕ್ಕಳ ತೊಟ್ಟಿಲು. ಚಿಂತೆಯಿಲ್ಲ, ಚಿತ್ರ ಬರೆಯಲು ನಿಮ್ಮ ನಾಲಿಗೆಯಿದೆ. ಇಂದು ರಾತ್ರಿ ಊಟವಾದ ಮೇಲೆ ಟಿ.ವಿ. ಆರಿಸಿ, ಜಮಖಾನೆ ಹಾಸಿ, ಮಗುವನ್ನು ತೊಡೆಯ ಮೇಲೆ ಕೂಡಿಸಿಕೊಂಡು ಒಂದು ಕಥೆ ಹೇಳಿರಿ. ಒಂದೇ ಒಂದು ಕಥೆ.

ಮಕ್ಕಳನ್ನು ಅಪ್ಪಿಕೊಂಡು ಹರಸಿದ ಪ್ರಭು ಯೇಸು ನಿಮ್ಮ ಮಕ್ಕಳನ್ನು ಹರಸಲಿ. ತನ್ನ ಮಡಿಲಲ್ಲಿ ದೇವಕುಮಾರನಿಗೆ ಮೊದಲ ಮಾತು ಕಲಿಸಿದ ಮಾತೆ ಮರಿಯಮ್ಮನವರು ನಿಮ್ಮ ಬಾಯಿಗೆ ಮಾತು ಕೊಡಲಿ. ನಜರೇತಿನ ತಿರುಕುಟುಂಬವು ನಿಮ್ಮ ಮನೆಯನ್ನು ಕಾಪಾಡಲಿ. ಆಮೆನ್.